ಹಾದಿಯಲ್ಲಿ ಕೇಬಲ್ಲು ಹರಿದಾಗ

(ಪಾಲಕರ ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ಮುಖ್ಯಾಧ್ಯಾಪಕರು ಮಾಡಿದ ಭಾಷಣ)



ಇಂಥ ಸಭೆಗಳಲ್ಲಿ ಮುಖ್ಯಾಧ್ಯಾಪಕರಾದವರು ವಿದ್ಯೆಯ ಮಹಿಮೆಯನ್ನೋ ಶಿಸ್ತಿನ ಮಹತ್ವವನ್ನೋ ಕುರಿತು ಮಾತನಾಡುವದು ರೂಢಿ. ಇಂದು ನಾವು ಎತ್ತಿಕೊಂಡಿರುವ ವಿಷಯವು ಅವೆರಡಕ್ಕಿಂತಲೂ ಬಹಳ ಚಿಕ್ಕದು. ಅದು ಬೆಂಕಿಕಡ್ಡಿಗಿಂತ ತೆಳ್ಳಗಿನ ಒಂದು ಉಕ್ಕಿನ ತಂತಿ. ಮೋಟರ ಸಾಯಕಲ್ಲಿನ ಬಲಗೈ ಹಿಡಿಯನ್ನು ಎಂಜಿನ್ನಿಗೆ ಜೋಡಿಸುವ ತಂತಿ ಅದು. ಪುಸ್ತಕದಲ್ಲಿ ಅದಕ್ಕೆ ಥ್ರಾಟಲ್ ಕೇಬಲ್ ಎಂದು ಹೆಸರು. ನಮ್ಮ ಮಿಸ್ತ್ರಿಗಳು ಅದನ್ನು ಎಕ್ಸಲೇಟರ್ ವಾಯರು ಎಂದು ಕರೆಯುತ್ತಾರೆ. ಹೆಸರು ಯಾವದಾದರೂ ಇರಲಿ, ಅದು ಹರಿದ ದಿನ ಹಾದಿಯಲ್ಲಿ ನಿಂತವನಿಗೆ ಅದರ ಬೆಲೆ ತಿಳಿಯುತ್ತದೆ.

ಈ ವಿಷಯವನ್ನೇ ಏಕೆ ಆರಿಸಿಕೊಂಡೆವೆಂದು ಕೆಲವರು ಕೇಳಬಹುದು. ನಮ್ಮ ಹಲಕರ್ಣಿಯ ಸುತ್ತಮುತ್ತಣ ಹಳ್ಳಿಗಳಿಂದ ಪ್ರತಿದಿನ ಎಷ್ಟು ಮಕ್ಕಳು ತಂದೆಯ ಅಥವಾ ಅಣ್ಣನ ಗಾಡಿಯ ಹಿಂದೆ ಕುಳಿತು ಶಾಲೆಗೆ ಬರುತ್ತಾರೆಂಬದನ್ನು ನೀವೇ ನೋಡುತ್ತಿದ್ದೀರಿ. ಸಂತೆಗೆ, ದವಾಖಾನೆಗೆ, ಗಡಹಿಂಗ್ಲಜದ ಕಚೇರಿಗೆ, ಸಂಕೇಶ್ವರದ ಪೇಟೆಗೆ ನಾವು ಹೋಗುವದು ಬಹುತೇಕ ಈ ಎರಡು ಗಾಲಿಗಳ ಮೇಲೆಯೇ. ಹತ್ತನೆಯ ಇಯತ್ತೆಯ ಪರೀಕ್ಷೆಯ ದಿನ ಮಗಳನ್ನು ಕೇಂದ್ರಕ್ಕೆ ಮುಟ್ಟಿಸಬೇಕಾದ ತಂದೆಯ ಗಾಡಿಯು ನಡುಹಾದಿಯಲ್ಲಿ ನಿಂತರೆ, ಆ ತಂದೆಯು ಮೊದಲ ಐದು ನಿಮಿಷಗಳಲ್ಲಿ ಏನು ಮಾಡುತ್ತಾನೆಂಬದರ ಮೇಲೆ ಮಗಳ ವರ್ಷವೂ ಕೆಲವು ಸಲ ಇಬ್ಬರ ಪ್ರಾಣವೂ ನಿಂತಿರುತ್ತವೆ. ಆದುದರಿಂದ ಇದು ಮಿಸ್ತ್ರಿಯ ಅಂಗಡಿಗೆ ಮಾತ್ರ ಸೇರಿದ ವಿಷಯವಲ್ಲ. ಶಾಲೆಗೂ ಸೇರಿದ ವಿಷಯವೇ ಆಗಿದೆ.

ಮೊದಲು ಈ ಕೇಬಲ್ಲು ಎಂಬದೇನೆಂದು ತಿಳಿಯೋಣ. ಇದರಲ್ಲಿ ಎರಡು ಭಾಗಗಳಿವೆ. ಒಳಗೆ ಸಣ್ಣ ಸಣ್ಣ ಉಕ್ಕಿನ ಎಳೆಗಳನ್ನು ಹೊಸೆದು ಮಾಡಿದ ತಂತಿ. ಹೊರಗೆ ಸ್ಪ್ರಿಂಗಿನಂತೆ ಸುತ್ತಿದ ಉಕ್ಕಿನ ಕೊಳವೆ, ಅದರ ಮೇಲೆ ಪ್ಲಾಸ್ಟಿಕ್ಕಿನ ಹೊದಿಕೆ. ಒಳತಂತಿಯ ಎರಡೂ ತುದಿಗಳಿಗೆ ಲೋಹದ ಒಂದೊಂದು ಚಿಕ್ಕ ಗುಂಡು. ಮೇಲಿನ ಗುಂಡು ಹಿಡಿಯ ಕೊರಕಲಿನಲ್ಲಿ ಕುಳಿತಿರುತ್ತದೆ, ಕೆಳಗಿನದು ಕಾರ್ಬುರೇಟರಿನಲ್ಲಿ. ನಾವು ಹಿಡಿಯನ್ನು ತಿರುವಿದರೆ ಒಳತಂತಿಯು ಎಳೆಯಲ್ಪಡುತ್ತದೆ. ಹೊರಗೊಳವೆಯು ಅಲುಗದೆ ನಿಂತು ಆ ಎಳೆತಕ್ಕೆ ಎದುರಾಸರೆ ಕೊಡುತ್ತದೆ. ಹೀಗಾಗಿ ಕೇಬಲ್ಲು ಹಾವಿನಂತೆ ಬಳುಕಿ ಹೋಗಿದ್ದರೂ ಒಂದು ತುದಿಯ ಎಳೆತವು ಇನ್ನೊಂದು ತುದಿಗೆ ಮುಟ್ಟುತ್ತದೆ. ಇಂಗ್ಲೆಂಡಿನಲ್ಲಿ ಅರ್ನೆಸ್ಟ್ ಮನಿಂಗ್ಟನ್ ಬೌಡನ್ ಎಂಬವರು 1896ರಲ್ಲಿ ಈ ಯುಕ್ತಿಗೆ ಪೇಟೆಂಟು ಪಡೆದರು. ಇಂದಿಗೂ ಜಗತ್ತಿನಲ್ಲೆಲ್ಲ ಇದನ್ನು ಬೌಡನ್ ಕೇಬಲ್ ಎಂದೇ ಕರೆಯುತ್ತಾರೆ. ವಿದ್ಯಾರ್ಥಿಗಳೇ, ನಿಮ್ಮ ಸಾಯಕಲ್ಲಿಗೆ ತಂತಿಯ ಬ್ರೇಕು ಇದ್ದರೆ ಅದರಲ್ಲಿಯೂ ಇದೇ ಯುಕ್ತಿಯಿದೆ. ಇಂದು ಮನೆಗೆ ಹೋದಮೇಲೆ ಅದನ್ನು ಒತ್ತಿ ನೋಡಿರಿ. ಪಾಠವು ನಿಮ್ಮ ಅಂಗಳದಲ್ಲಿಯೇ ಇದೆ.

ಕಾರ್ಬುರೇಟರಿನಲ್ಲಿ ಈ ತಂತಿಯು ಒಂದು ಚಿಕ್ಕ ಬಾಗಿಲನ್ನು ತೆರೆಯುತ್ತದೆ. ಬಾಗಿಲು ತೆರೆದಷ್ಟೂ ಗಾಳಿ-ಪೆಟ್ರೋಲುಗಳ ಮಿಶ್ರಣವು ಹೆಚ್ಚು ಒಳಹೋಗುತ್ತದೆ, ವೇಗವು ಏರುತ್ತದೆ. 1961ರಿಂದ ಮೈಸೂರಿನ ಕಾರ್ಖಾನೆಯಲ್ಲಿ ತಯಾರಾದ ಜಾವಾ, ಮುಂದೆ 1973ರಿಂದ ಅಲ್ಲಿಂದಲೇ ಹೊರಟ ಯೆಜ್ದಿ, ಇಂಥ ಹಳೆಯ ಗಾಡಿಗಳಲ್ಲಿ ತಂತಿಯೇ ನೇರವಾಗಿ ಆ ಬಾಗಿಲನ್ನು ಮೇಲಕ್ಕೆತ್ತುತ್ತಿತ್ತು. ಆ ಕಾರ್ಖಾನೆಯು 1996ರಲ್ಲಿ ಮುಚ್ಚಿತು. ಆದರೆ ಆ ಗಾಡಿಗಳನ್ನು ಇಂದಿಗೂ ಜೋಪಾನವಾಗಿ ಓಡಿಸುವವರಿದ್ದಾರೆ. ಗಮನಿಸಬೇಕಾದ ಸಂಗತಿಯೆಂದರೆ, ಬಾಗಿಲನ್ನು ತೆರೆಯಲು ಕೈ ಬೇಕು. ಮುಚ್ಚಲು ಕೈ ಬೇಡ. ಒಂದು ಸ್ಪ್ರಿಂಗು ಅದನ್ನು ಸದಾ ಮುಚ್ಚುವ ಕಡೆಗೆ ತಳ್ಳುತ್ತಿರುತ್ತದೆ. ತಂತಿಯು ಹರಿದರೆ ಬಾಗಿಲು ತಾನಾಗಿಯೇ ಮುಚ್ಚಿಕೊಳ್ಳಲಿ, ಗಾಡಿಯು ಓಡದೆ ನಿಲ್ಲಲಿ ಎಂಬ ಉದ್ದೇಶದಿಂದಲೇ ಅದನ್ನು ಹಾಗೆ ಮಾಡಿದ್ದಾರೆ.

ಇನ್ನು, ಉಕ್ಕಿನ ತಂತಿಯು ಹರಿಯುವದೇಕೆ? ಎಳೆತದಿಂದ ಅದು ಸುಲಭವಾಗಿ ಹರಿಯುವದಿಲ್ಲ, ಬಾಗುವದರಿಂದ ಹರಿಯುತ್ತದೆ. ಒಂದು ಕಬ್ಬಿಣದ ತಂತಿಯ ತುಂಡನ್ನು ಒಂದೇ ಕಡೆಗೆ ಅತ್ತಿತ್ತ ಬಾಗಿಸುತ್ತ ಹೋಗಿರಿ. ಕೈಯ ಬಲದಿಂದ ಎಳೆದು ಹರಿಯಲಾಗದ ತಂತಿಯು ಸ್ವಲ್ಪ ಹೊತ್ತಿನಲ್ಲಿ ಮುರಿದು ಕೈಗೆ ಬರುತ್ತದೆ. ಇದಕ್ಕೆ ಲೋಹದ ದಣಿವು ಎನ್ನುತ್ತಾರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ಔಗುಸ್ಟ್ ವೋಲರ್ ಎಂಬ ರೇಲ್ವೆ ಎಂಜಿನಿಯರರು ರೇಲ್ವೆ ಗಾಲಿಗಳ ಅಚ್ಚುಗಳು ಏಕೆ ಮುರಿಯುತ್ತವೆಂಬದನ್ನು ವರ್ಷಾನುವರ್ಷ ಪರೀಕ್ಷಿಸಿ, ಒಂದೇ ಸಲಕ್ಕೆ ತಡೆದುಕೊಳ್ಳಬಲ್ಲ ಭಾರಕ್ಕಿಂತ ಕಡಿಮೆಯ ಭಾರವೂ ಲಕ್ಷಾಂತರ ಸಲ ಮರಳಿ ಬಂದರೆ ಲೋಹವನ್ನು ಮುರಿಯುತ್ತದೆ ಎಂಬದನ್ನು ತೋರಿಸಿಕೊಟ್ಟರು. ನಮ್ಮ ಕೇಬಲ್ಲಿನ ಗತಿಯೂ ಅದೇ. ಹಿಡಿಯ ಬಳಿ, ಗುಂಡಿನ ಪಕ್ಕದಲ್ಲಿ ತಂತಿಯು ದಿನಕ್ಕೆ ನೂರಾರು ಸಲ ಬಾಗಿ ನೆಟ್ಟಗಾಗುತ್ತದೆ. ಮಳೆಯ ನೀರಿನಿಂದ ಜಂಗು ಹಿಡಿಯುತ್ತದೆ; ಕಬ್ಬಿನ ಹಾದಿಯ ಧೂಳಿನಿಂದ ತಿಕ್ಕಾಟವು ಹೆಚ್ಚುತ್ತದೆ. ಆಗ ಒಂದು ಎಳೆ ಹರಿಯುತ್ತದೆ, ಕೆಲವು ದಿನಗಳ ಮೇಲೆ ಇನ್ನೊಂದು. ನಮ್ಮ ಬಾವಿಯ ಸೇದುವ ಹಗ್ಗವು ಹೇಗೆ ಎಳೆ ಎಳೆಯಾಗಿ ಸವೆಯುವದೋ ಹಾಗೆಯೇ ಇದೂ. ಕಡೆಯ ಎಳೆಯು ಹರಿದ ದಿನ ಮಾತ್ರ ನಾವು "ಒಮ್ಮೆಲೇ ಹರಿಯಿತು" ಎನ್ನುತ್ತೇವೆ.

ಈಗ ಹಾದಿಯ ಮಾತಿಗೆ ಬರೋಣ. ಓಡುತ್ತಿರುವ ಗಾಡಿಯು ಒಮ್ಮೆಲೇ ಬಲಗುಂದಿತು. ಹಿಡಿಯನ್ನು ತಿರುವಿದರೆ ಅದು ತಡೆಯಿಲ್ಲದೆ ಗಿರ್ರನೆ ತಿರುಗುತ್ತದೆ, ಎಂಜಿನ್ನು ಮಾತ್ರ ಮೆಲ್ಲಗೆ ಗುಡುಗುತ್ತಲೇ ಇದೆ. ಹೀಗಿದ್ದರೆ ಕೇಬಲ್ಲು ಹರಿದಿದೆಯೆಂದು ತಿಳಿಯಬೇಕು. ಪೆಟ್ರೋಲು ತೀರಿದ್ದರೆ ಎಂಜಿನ್ನು ಕೆಮ್ಮಿ ಕೆಮ್ಮಿ ನಿಲ್ಲುತ್ತದೆ, ಹಿಡಿಯಲ್ಲಿ ಸ್ಪ್ರಿಂಗಿನ ಬಿಗಿ ಹಾಗೆಯೇ ಉಳಿದಿರುತ್ತದೆ. ಈ ಭೇದವನ್ನು ಬಲ್ಲವನು ಹಾದಿಯಲ್ಲಿ ಅರ್ಧ ತಾಸನ್ನು ಉಳಿಸಿಕೊಳ್ಳುತ್ತಾನೆ.

ಮೊದಲ ಕೆಲಸವು ಗಾಡಿಯ ರಿಪೇರಿಯಲ್ಲ, ಜನರ ರಕ್ಷಣೆ. ಕೈಯ ಕಡೆಗೆ ನೋಡುತ್ತ ಕೂಡಬಾರದು. ಕಣ್ಣು ಹಾದಿಯ ಮೇಲೆಯೇ ಇರಲಿ. ಕ್ಲಚ್ಚನ್ನು ಒತ್ತಿ, ಎಡಗಡೆಯ ಇಂಡಿಕೇಟರನ್ನು ಹಾಕಿ, ಗಾಡಿಗೆ ಉಳಿದಿರುವ ಓಟದಿಂದಲೇ ಎಡ ಅಂಚಿಗೆ ಸರಿಯಬೇಕು. ಒಮ್ಮೆಲೇ ಬ್ರೇಕು ಒತ್ತಿದರೆ ಹಿಂದಿನವನು ಬಂದು ಹಾಯುತ್ತಾನೆ. ಡಾಂಬರನ್ನು ಬಿಟ್ಟು ಮಣ್ಣಿನ ಮೇಲೆ ಗಾಡಿಯನ್ನು ನಿಲ್ಲಿಸಿರಿ. ಮಕ್ಕಳನ್ನು ಇಳಿಸಿ ಹಾದಿಯಿಂದ ದೂರ, ಹೊಲದ ಕಡೆಗೆ ನಿಲ್ಲಿಸಿರಿ; ಗಾಡಿಯ ಹಿಂದೆ ಯಾರೂ ನಿಲ್ಲಬಾರದು. ಕಬ್ಬಿನ ಹಂಗಾಮಿನಲ್ಲಿ ನಸುಕಿನಲ್ಲಿಯೂ ರಾತ್ರಿಯಲ್ಲಿಯೂ ಟ್ರ್ಯಾಕ್ಟರುಗಳೂ ಎತ್ತಿನ ಬಂಡಿಗಳೂ ಸಾಲುಗಟ್ಟಿ ಬರುತ್ತವೆ. ಕತ್ತಲೆಯಲ್ಲಿ ನಿಂತ ಗಾಡಿಯು ಅವರಿಗೆ ಕಾಣುವದಿಲ್ಲ. ಇಂಡಿಕೇಟರು ಮಿನುಗುತ್ತಿರಲಿ, ಹಿಂದೆ ಸ್ವಲ್ಪ ದೂರದಲ್ಲಿ ಒಂದು ಹಸಿರು ಟೊಂಗೆಯನ್ನು ಇಡಿರಿ. ಕಲ್ಲುಗಳನ್ನು ಇಡಬೇಡಿರಿ. ಗಾಡಿಯು ಹೋದಮೇಲೆ ಕಲ್ಲುಗಳು ಹಾದಿಯಲ್ಲಿಯೇ ಉಳಿದು, ಏನೂ ತಪ್ಪು ಮಾಡದ ಮುಂದಿನ ಸವಾರನನ್ನು ಕೆಡವುತ್ತವೆ.

ಬಳಿಕ ಎಂಜಿನ್ನನ್ನು ನಿಲ್ಲಿಸಿ ಎಲ್ಲಿ ಹರಿದಿದೆಯೆಂದು ನೋಡಬೇಕು. ಬಹುತೇಕ ಹರಿಯುವದು ಮೇಲ್ತುದಿಯಲ್ಲಿ, ಹಿಡಿಯ ಒಳಗೆ. ಹಿಡಿಯ ಪೆಟ್ಟಿಗೆಯ ಸ್ಕ್ರೂಗಳನ್ನು ಸಡಿಲಿಸಿದರೆ ಗುಂಡು ಕಳಚಿ ಬಿದ್ದಿರುವದು ಕಾಣುತ್ತದೆ, ಹೊರಗೊಳವೆಯ ತುದಿಯಿಂದ ಒಳತಂತಿಯು ಸ್ವಲ್ಪ ಹೊರಗೆ ಬಂದಿರುತ್ತದೆ. ಇಂಥ ಹೊತ್ತಿಗೆಂದೇ ಸ್ಕ್ರೂ ಇರುವ ಗುಂಡುಗಳು ಅಂಗಡಿಯಲ್ಲಿ ಸಿಗುತ್ತವೆ. ತಂತಿಯ ತುದಿಯನ್ನು ಅದರಲ್ಲಿ ಪೋಣಿಸಿ, ಪಕ್ಕಡದಿಂದ ಹಿಡಿದು ಸ್ಕ್ರೂವನ್ನು ಬಿಗಿಮಾಡಿ, ಹಿಡಿಯ ಕೊರಕಲಿನಲ್ಲಿ ಕೂಡಿಸಿದರೆ ಗಾಡಿಯು ಮಿಸ್ತ್ರಿಯ ಅಂಗಡಿಯವರೆಗೆ ಮೆಲ್ಲಗೆ ನಡೆಯುತ್ತದೆ. ಹೊರಡುವ ಮೊದಲು ಹಿಡಿಯನ್ನು ತಿರುವಿ ಬಿಟ್ಟು, ಅದು ತಾನಾಗಿ ಮರಳುವದೋ ಇಲ್ಲವೋ ಎಂದು ನೋಡತಕ್ಕದ್ದು. ಮರಳದಿದ್ದರೆ ಹೊರಡಲೇಬಾರದು. ಕೆಲವರು ಹರಿದ ತಂತಿಯನ್ನು ಪಕ್ಕಡಕ್ಕೆ ಸುತ್ತಿ ಒಂದು ಕೈಯಿಂದ ಎಳೆಯುತ್ತ, ಇನ್ನೊಂದು ಕೈಯಿಂದ ಗಾಡಿಯನ್ನು ನಡೆಸುತ್ತಾರೆ. ಮುಂದಿನ ಬ್ರೇಕಿನ ಕೈಯು ಆಗ ಖಾಲಿಯಿರುವದಿಲ್ಲ. ಇದನ್ನು ನಾವು ಯಾರಿಗೂ ಹೇಳಿಕೊಡಲಾರೆವು.

ಕೆಳತುದಿಯಲ್ಲಿ ಅಥವಾ ನಡುವೆ ಹರಿದಿದ್ದರೆ ಗುಂಡಿನಿಂದ ಕೆಲಸವಾಗದು. ಕಾರ್ಬುರೇಟರು ಇರುವ, ಕ್ಲಚ್ಚು-ಗೇರುಗಳಿರುವ ಗಾಡಿಯಾದರೆ ಇನ್ನೊಂದು ಉಪಾಯವಿದೆ. ಕಾರ್ಬುರೇಟರಿನ ಪಕ್ಕದಲ್ಲಿ ಎಂಜಿನ್ನಿನ ನಿಂತ ವೇಗವನ್ನು ಹೊಂದಿಸುವ ಒಂದು ಸ್ಕ್ರೂ ಇರುತ್ತದೆ. ಎಷ್ಟು ಸುತ್ತು ತಿರುವಿದೆವೆಂದು ಎಣಿಸುತ್ತ ಅದನ್ನು ಒಳಗೆ ತಿರುವಿದರೆ ಬಾಗಿಲು ತುಸು ತೆರೆದೇ ನಿಲ್ಲುತ್ತದೆ, ಎಂಜಿನ್ನು ಎಂದಿಗಿಂತ ಜೋರಾಗಿ ಓಡುತ್ತದೆ. ಆಗ ಮೊದಲ ಗೇರಿನಲ್ಲಿ ಕ್ಲಚ್ಚನ್ನು ಬಲು ಮೆಲ್ಲಗೆ ಬಿಟ್ಟರೆ, ಸಪಾಟು ಹಾದಿಯಲ್ಲಿ ಗಾಡಿಯು ಸಾಯಕಲ್ಲಿನ ವೇಗದಿಂದ ಸಾಗುತ್ತದೆ. ಆದರೆ ಈಗ ವೇಗವು ನಿಮ್ಮ ಕೈಯಲ್ಲಿಲ್ಲ ಎಂಬದನ್ನು ಮರೆಯಬಾರದು. ನಿಲ್ಲಬೇಕಾದರೆ ಕ್ಲಚ್ಚು ಮತ್ತು ಬ್ರೇಕು ಎರಡನ್ನೂ ಒತ್ತಬೇಕು. ಹಿಂದೆ ಯಾರನ್ನೂ ಕೂಡಿಸಿಕೊಳ್ಳಬಾರದು. ಪೇಟೆಯ ಸಂದಣಿಯಲ್ಲಿ, ಇಳಿಜಾರಿನಲ್ಲಿ ಹೀಗೆ ನಡೆಸದೆ ಇಳಿದು ತಳ್ಳಿಕೊಂಡು ಹೋಗಬೇಕು. ಹೊಸ ಕೇಬಲ್ಲು ಹಾಕಿದ ಮೇಲೆ ಸ್ಕ್ರೂವನ್ನು ಎಣಿಸಿದಷ್ಟೇ ಸುತ್ತು ಹಿಂದಕ್ಕೆ ತಿರುವಬೇಕು. ಕಾರ್ಬುರೇಟರಿನ ಬಳಿ ಎಂಜಿನ್ನು ಕಾದಿರುತ್ತದೆ, ಪೆಟ್ರೋಲಿನ ಪಸೆಯಿರುತ್ತದೆ. ಕತ್ತಲೆಯೆಂದು ಕಡ್ಡಿ ಗೀರಬೇಡಿರಿ, ಮೊಬೈಲಿನ ಬೆಳಕು ಸಾಕು.

ಇಲ್ಲಿ ಎರಡು ಎಚ್ಚರಿಕೆಗಳನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಗೇರಿಲ್ಲದ ಸ್ಕೂಟರಿನಲ್ಲಿ ಈ ಸ್ಕ್ರೂವಿನ ಉಪಾಯವನ್ನು ಎಂದಿಗೂ ಮಾಡಬಾರದು. ಅದರಲ್ಲಿ ಕೈಯಿಂದ ಒತ್ತುವ ಕ್ಲಚ್ಚು ಇಲ್ಲ. ಎಂಜಿನ್ನು ಜೋರಾದೊಡನೆ ಹಿಂದಿನ ಗಾಲಿಯು ತಾನಾಗಿಯೇ ತಿರುಗತೊಡಗುತ್ತದೆ, ಗಾಡಿಯು ನಿಂತಲ್ಲಿಂದ ನುಗ್ಗುತ್ತದೆ. ಇದು ಮೊದಲನೆಯದು. ಎರಡನೆಯದೆಂದರೆ, 2020ರ ಏಪ್ರಿಲ್ 1ರಿಂದ ದೇಶದಲ್ಲೆಲ್ಲ ಬಿ.ಎಸ್.-6 ಎಂಬ ಹೊಗೆಯ ನಿಯಮವು ಜಾರಿಗೆ ಬಂದ ಮೇಲೆ ಹೊರಬಂದ ಗಾಡಿಗಳಲ್ಲಿ ಬಹುತೇಕ ಕಾರ್ಬುರೇಟರು ಇಲ್ಲ. ಪೆಟ್ರೋಲನ್ನು ಅಳೆದು ಚಿಮ್ಮಿಸುವ ಇಂಜೆಕ್ಷನ್ ವ್ಯವಸ್ಥೆಯಿದೆ. ಕೇಬಲ್ಲು ಅವುಗಳಲ್ಲಿಯೂ ಇರುತ್ತದೆ, ಆದರೆ ಅಲ್ಲಿಯ ಸ್ಕ್ರೂಗಳನ್ನು ಕಾರ್ಖಾನೆಯಲ್ಲಿಯೇ ಹೊಂದಿಸಿರುತ್ತಾರೆ. ಅವುಗಳನ್ನು ಮುಟ್ಟಬಾರದು. ಇಂಥ ಗಾಡಿಯನ್ನು ಹತ್ತಿರದ ತೋಟದ ಮನೆಯಲ್ಲಿಯೋ ಅಂಗಡಿಯ ಮುಂದೆಯೋ ಬೀಗ ಹಾಕಿ ನಿಲ್ಲಿಸಿ, ಎಸ್.ಟಿ. ಬಸ್ಸನ್ನೋ ಪರಿಚಿತರ ಗಾಡಿಯನ್ನೋ ಹಿಡಿಯುವದೇ ಜಾಣತನ. ಇನ್ನೊಬ್ಬ ಸವಾರನು ಕಾಲಿನಿಂದ ತಳ್ಳುತ್ತ ಒಯ್ಯುವ ರೂಢಿಯು ನಮ್ಮಲ್ಲಿದೆ. ಅದರಲ್ಲಿ ಒಂದು ಗಾಡಿ ಬಿದ್ದರೆ ಎರಡೂ ಬೀಳುತ್ತವೆ.

ಪರೀಕ್ಷೆಯ ದಿನವಂತೂ ಪಾಲಕರು ರಿಪೇರಿಯ ಹಟಕ್ಕೆ ಬೀಳಬಾರದು. ಗಾಡಿಯು ಸಂಜೆಯವರೆಗೆ ಕಾಯಬಲ್ಲದು, ಪ್ರಶ್ನಪತ್ರಿಕೆಯು ಕಾಯುವದಿಲ್ಲ. ಮೊದಲು ಮಗುವನ್ನು ಯಾವದಾದರೂ ಬಸ್ಸಿನಲ್ಲಿ ಕಳಿಸಿ, ಬಳಿಕ ಪಕ್ಕಡವನ್ನು ಕೈಗೆ ತೆಗೆದುಕೊಳ್ಳಿರಿ. ಅಂಥ ದಿನ ಒಂದು ತಾಸು ಮೊದಲೇ ಹೊರಡಿರಿ, ಶಿಕ್ಷಕರ ಫೋನ್ ನಂಬರನ್ನು ಜೊತೆಗೆ ಇಟ್ಟುಕೊಳ್ಳಿರಿ.

ಕೇಬಲ್ಲು ಹರಿಯುವದಕ್ಕಿಂತಲೂ ಕೆಟ್ಟ ಸಂಗತಿಯೊಂದಿದೆ. ಅರ್ಧ ಹರಿದ ಎಳೆಗಳು ಕೊಳವೆಯಲ್ಲಿ ಸಿಕ್ಕಿಕೊಂಡು ಬಾಗಿಲು ತೆರೆದೇ ನಿಲ್ಲುವದು. ಸ್ಪ್ರಿಂಗಿನ ಬಲವು ಆಗ ಸಾಲದೆ, ಹಿಡಿಯನ್ನು ಬಿಟ್ಟರೂ ಗಾಡಿಯು ಓಡುತ್ತಲೇ ಇರುತ್ತದೆ. ಆಗ ಕ್ಲಚ್ಚನ್ನು ಒತ್ತಿ, ಬಲಗೈ ಹೆಬ್ಬೆರಳಿನ ಬಳಿ ಇರುವ ಎಂಜಿನ್ ಬಂದು ಮಾಡುವ ಕೆಂಪು ಬಟನ್ನನ್ನು ಒತ್ತಬೇಕು. ಬಟನ್ನು ಇಲ್ಲದಿದ್ದರೆ ಕೀಲಿಯನ್ನು ಒಂದೇ ಹೆಜ್ಜೆ ತಿರುವಿ ಆಫ್ ಮಾಡಬೇಕು. ಹ್ಯಾಂಡಲ್ ಲಾಕಿನವರೆಗೆ ತಿರುವಬಾರದು. ಸ್ಕೂಟರಿನಲ್ಲಿ ಎರಡೂ ಬ್ರೇಕುಗಳನ್ನು ಹಿಡಿದು ಕೀಲಿಯನ್ನು ಆಫ್ ಮಾಡಬೇಕು. ನಿಮ್ಮ ಗಾಡಿಯಲ್ಲಿ ಆ ಬಟನ್ನು ಎಲ್ಲಿದೆಯೆಂದು ಇಂದು ಸಂಜೆಯೇ ಕೈಯಾಡಿಸಿ ನೋಡಿಕೊಳ್ಳಿರಿ. ಆಪತ್ತಿನ ಹೊತ್ತಿನಲ್ಲಿ ಅದನ್ನು ಹುಡುಕಲು ಸಮಯವಿರುವದಿಲ್ಲ.

ಇಷ್ಟೆಲ್ಲ ಕಷ್ಟವು ಬಾರದಂತೆ ಮಾಡುವದು ತಿಂಗಳಿಗೊಮ್ಮೆ ಐದು ನಿಮಿಷದ ಕೆಲಸ. ಎಂಜಿನ್ನು ನಿಂತಿರುವಾಗ ಹಿಡಿಯನ್ನು ಪೂರ್ತಿ ತಿರುವಿ ಬಿಡಿರಿ; ಅದು ಟಕ್ಕೆಂದು ತಾನಾಗಿ ಮರಳಬೇಕು. ಹ್ಯಾಂಡಲ್ಲನ್ನು ಎಡಕ್ಕೆ ತಿರುವಿ ಒಮ್ಮೆ, ಬಲಕ್ಕೆ ತಿರುವಿ ಒಮ್ಮೆ ಹಾಗೆಯೇ ಮಾಡಿರಿ. ಹಿಡಿಯಲ್ಲಿ ಕೆಲವು ಮಿಲಿಮೀಟರು ಸಡಿಲಿರುವದು ಸರಿ. ನಿಮ್ಮ ಗಾಡಿಗೆ ಎಷ್ಟಿರಬೇಕೆಂಬದು ಅದರ ಪುಸ್ತಕದಲ್ಲಿ ಬರೆದಿರುತ್ತದೆ. ಬಳಿಕ ಗಾಡಿಯನ್ನು ಸ್ಟ್ಯಾಂಡಿಗೆ ಹಾಕಿ, ಗೇರು ಬಿಡಿಸಿ, ಎಂಜಿನ್ನು ಹಚ್ಚಿ ಹ್ಯಾಂಡಲ್ಲನ್ನು ಎರಡೂ ಕಡೆಗೆ ಮೆಲ್ಲಗೆ ತಿರುವಿರಿ. ಎಂಜಿನ್ನಿನ ಸದ್ದು ಏರಿದರೆ ಕೇಬಲ್ಲು ಎಲ್ಲಿಯೋ ಬಿಗಿದು ಎಳೆಯುತ್ತಿದೆಯೆಂದು ತಿಳಿಯಿರಿ. ಹಿಡಿಯು ಬಿಗಿಯಾಗುವದು, ತಡೆತಡೆದು ತಿರುಗುವದು, ತಡವಾಗಿ ಮರಳುವದು, ಗುಂಡಿನ ಬಳಿ ಒಂದೆರಡು ಎಳೆಗಳು ಮುಳ್ಳಿನಂತೆ ಎದ್ದಿರುವದು, ಇವೆಲ್ಲ ಕೇಬಲ್ಲು ಮುಂಗಡವಾಗಿ ಕಳಿಸುವ ನೋಟೀಸುಗಳು. ಮೊದಲ ನೋಟೀಸು ಬಂದಾಗಲೇ ಬದಲಿಸಿದರೆ ಖರ್ಚು ಕೇಬಲ್ಲಿನದು ಮಾತ್ರ.

ಹೊಸ ಕೇಬಲ್ಲನ್ನು ಹಾಕುವಾಗ ಮಿಸ್ತ್ರಿಗಳು ಬಲ್ಲ ಒಂದು ಯುಕ್ತಿಯನ್ನು ಪಾಲಕರೂ ಬಲ್ಲವರಾಗಿರಬೇಕು. ಹಳೆಯ ಕೇಬಲ್ಲಿನ ತುದಿಗೆ ಗಟ್ಟಿ ದಾರವನ್ನು ಕಟ್ಟಿ ಹೊರಗೆಳೆದರೆ, ಅದು ಹೋದ ಹಾದಿಯಲ್ಲಿ ದಾರವು ಉಳಿಯುತ್ತದೆ. ಆ ದಾರಕ್ಕೆ ಹೊಸದನ್ನು ಕಟ್ಟಿ ಎಳೆದರೆ ಅದು ಸರಿಯಾದ ಹಾದಿಯಲ್ಲಿಯೇ ಬಂದು ಕೂಡುತ್ತದೆ. ಪಾಯಜಾಮಕ್ಕೆ ಲಾಡಿ ಪೋಣಿಸುವ ತಾಯಂದಿರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ದೂರ ಪ್ರಯಾಣ ಮಾಡುವವರು ಒಂದು ಹೊಸ ಕೇಬಲ್ಲು, ಸ್ಕ್ರೂ ಇರುವ ಒಂದು ಗುಂಡು, ಪಕ್ಕಡ, ಸ್ಕ್ರೂಡ್ರೈವರು, ಒಂದು ಅರಿವೆ ಇಷ್ಟನ್ನು ಗಾಡಿಯಲ್ಲಿ ಇಟ್ಟುಕೊಂಡಿರಲಿ.

ವಿದ್ಯಾರ್ಥಿಗಳೇ, ಇದನ್ನೆಲ್ಲ ಕೇಳಿ ನಾಳೆಯೇ ಗಾಡಿಯನ್ನು ಹೊಡೆಯಲು ನಿಮಗೆ ಅಪ್ಪಣೆ ಸಿಕ್ಕಿತೆಂದು ತಿಳಿಯಬೇಡಿರಿ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನಗಳ ಕಾಯದೆಯ ಪ್ರಕಾರ, ಅಪ್ರಾಪ್ತ ವಯಸ್ಸಿನವನು ವಾಹನ ಹೊಡೆದು ಅಪರಾಧಕ್ಕೆ ಸಿಕ್ಕರೆ ಪಾಲಕನಿಗೆ ಅಥವಾ ವಾಹನದ ಮಾಲೀಕನಿಗೆ 3 ವರ್ಷಗಳವರೆಗೆ ಸೆರೆವಾಸ ಮತ್ತು 25,000 ರೂಪಾಯಿ ದಂಡ ಆಗಬಹುದು. ಗಾಡಿಯ ನೋಂದಣಿಯೂ 12 ತಿಂಗಳು ರದ್ದಾಗುತ್ತದೆ. ಹಿಂದೆ ಕೂಡುವವರಿಗೂ ಹೆಲ್ಮೆಟ್ಟು ಬೇಕು. ನೀವು ಈಗ ಮಾಡಬಹುದಾದದ್ದು ಯಂತ್ರವನ್ನು ತಿಳಿಯುವದು. ಯಂತ್ರವಿದ್ಯೆಯು ಇಂಗ್ಲಿಷ ಬಲ್ಲವರ ಸೊತ್ತೆಂದು ಹೆದರುವ ಮಕ್ಕಳು ನಮ್ಮಲ್ಲಿದ್ದಾರೆ. ಇಚಲಕರಂಜಿಯ ಮಗ್ಗಗಳನ್ನೂ ಕೊಲ್ಲಾಪುರದ ಎರಕದ ಕಾರ್ಖಾನೆಗಳನ್ನೂ ನಡೆಸುವ ಕೈಗಳು ಕನ್ನಡ-ಮರಾಠಿಗಳಲ್ಲಿಯೇ ಮಾತನಾಡುತ್ತವೆ. ಎಳೆತ, ತಡೆ, ದಣಿವು, ಎಳೆ, ಹೊಸೆತ ಎಂಬ ನಮ್ಮ ಮನೆಯ ಮಾತುಗಳಿಂದಲೇ ಈ ಕೇಬಲ್ಲಿನ ಶಾಸ್ತ್ರವನ್ನೆಲ್ಲ ನಾವು ಈಗ ಹೇಳಿದೆವು. ಅರ್ಥವಾದದ್ದನ್ನು ಮುಂದೆ ಯಾವ ಭಾಷೆಯಲ್ಲಿಯಾದರೂ ಬರೆಯಬಹುದು. ಅರ್ಥವಾಗದ್ದನ್ನು ಯಾವ ಭಾಷೆಯಲ್ಲಿ ಬರೆದರೂ ಪ್ರಯೋಜನವಿಲ್ಲ.

ಪಾಲಕ ಬಂಧುಗಳಿಗೆ ಕಡೆಯದಾಗಿ ಒಂದು ಮಾತು. ಮಕ್ಕಳು ಶಾಲೆಯನ್ನು ಬಿಡುವದೂ ಒಮ್ಮೆಲೇ ಅಲ್ಲ. ಒಂದು ದಿನ ಕಬ್ಬಿನ ಕೆಲಸಕ್ಕೆ, ಎರಡು ದಿನ ಜಾತ್ರೆಗೆ, ಒಂದು ವಾರ ಲಗ್ನಕ್ಕೆ ಎಂದು ಹಾಜರಿಯ ಎಳೆಗಳು ಒಂದೊಂದಾಗಿ ಹರಿಯುತ್ತವೆ. ಗಣಿತದಲ್ಲಿ ಒಂದು ಪಾಠ ತಪ್ಪುತ್ತದೆ, ಅದರ ಮೇಲಿನ ಪಾಠವು ತಿಳಿಯುವದಿಲ್ಲ. ಹುಡುಗನು ವರ್ಗದಲ್ಲಿ ಸುಮ್ಮನಾಗುತ್ತಾನೆ, ಪುಸ್ತಕ ತೆರೆಯಲು ತಡಮಾಡುತ್ತಾನೆ. ಹಿಡಿಯು ಬಿಗಿಯಾದಂತೆ ಇವೂ ನೋಟೀಸುಗಳೇ. ಆಗಲೇ ಶಾಲೆಗೆ ಬಂದು ನಮ್ಮೊಡನೆ ಮಾತನಾಡಿದರೆ ಹೊಸೆದು ಗಟ್ಟಿಮಾಡುವ ಉಪಾಯಗಳು ಬೇಕಾದಷ್ಟಿವೆ. ಕಡೆಯ ಎಳೆಯೂ ಹರಿದ ಮೇಲೆ ಬಂದು "ಹುಡುಗ ಒಮ್ಮೆಲೇ ಶಾಲೆ ಬಿಟ್ಟ" ಎಂದರೆ, ಕೇಬಲ್ಲಿಗೆ ಸಿಕ್ಕಂಥ ಹೊಸ ತುಂಡು ಬಾಲ್ಯಕ್ಕೆ ಯಾವ ಅಂಗಡಿಯಲ್ಲಿಯೂ ಸಿಗುವದಿಲ್ಲ.

ಗಾಡಿಯ ಹಿಡಿಯನ್ನೂ ಮಗುವಿನ ಹಾಜರಿಯ ಪುಸ್ತಕವನ್ನೂ ತಿಂಗಳಿಗೊಮ್ಮೆ ನೋಡುವ ರೂಢಿಯನ್ನು ಪ್ರತಿಯೊಂದು ಮನೆಯೂ ಇಟ್ಟುಕೊಳ್ಳಲಿ ಎಂದು ಪ್ರಾರ್ಥಿಸುತ್ತೇವೆ.